ಅಮೆರಿಕದಲ್ಲಿ ನಾಗರಿಕ ಹಕ್ಕಿನ ಉಲ್ಲಂಘನೆ: ಎಫ್‌ಬಿಐ ತನಿಖೆ ಹೇಗೆ ನಡೆಯುತ್ತದೆ, ನೀವು ಯಾವ ಹಂತದಲ್ಲಿ ಏನು ಮಾಡಬೇಕು

ಅಮೆರಿಕದಲ್ಲಿರುವ ನಮ್ಮವರು ಎಫ್‌ಬಿಐಗೆ ಕೊಡುವ ದೂರುಗಳು ಅರ್ಧದಲ್ಲೇ ನಿಲ್ಲಲು ಮೂರು ಕಾರಣಗಳು ಪದೇ ಪದೇ ಕಾಣುತ್ತವೆ. ದೂರು ತಪ್ಪು ಕಚೇರಿಗೆ ಹೋಗಿರುತ್ತದೆ. ಅಥವಾ ವಿಡಿಯೋ ಅಳಿಸಿಹೋದ ಮೇಲೆ ಹೋಗಿರುತ್ತದೆ. ಇನ್ನೂ ಜಾಸ್ತಿ ಆಗುವುದು ಮೂರನೆಯದು: ಏನಾಯಿತು ಅಂತ ಪುಟಗಟ್ಟಲೆ ಬರೆದಿರುತ್ತಾರೆ, ಎದುರಿನವನು ಯಾಕೆ ಹಾಗೆ ಮಾಡಿದ ಅನ್ನುವುದಕ್ಕೆ ಒಂದು ಸಾಕ್ಷ್ಯವೂ ಇರುವುದಿಲ್ಲ.

ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ತನಿಖೆ ನಿಂತಿರುವುದೇ ಆ 'ಯಾಕೆ' ಮೇಲೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಓದಿ. ಕೇಸ್ ಗಂಭೀರವಾಗಿದ್ದರೆ ಸಿವಿಲ್ ರೈಟ್ಸ್ ವಕೀಲರನ್ನು ಬೇಗ ನೋಡಿ. ಈ ಬರಹ ವಕೀಲರ ಸಲಹೆಗೆ ಬದಲಿ ಅಲ್ಲ.

## ಹಂತ 1: ಇದು ಎಫ್‌ಬಿಐ ಕೆಲಸವೇ ಅಂತ ಮೊದಲು ನೋಡಿ

ಎಫ್‌ಬಿಐ ನೋಡುವುದು ಕ್ರಿಮಿನಲ್ ಅಪರಾಧವನ್ನು ಮಾತ್ರ. ನಮ್ಮವರಿಗೆ ಎದುರಾಗಬಹುದಾದ ಮುಖ್ಯ ಬಗೆಗಳು ಇವು.

ಒಂದು, ಅಧಿಕಾರದ ದುರ್ಬಳಕೆ. ಅಲ್ಲಿ ಇದನ್ನು 'ಕಲರ್ ಆಫ್ ಲಾ' ಕೇಸ್ ಅನ್ನುತ್ತಾರೆ. ಪೊಲೀಸ್, ಜೈಲು ಸಿಬ್ಬಂದಿ ಅಥವಾ ಬೇರೆ ಸರ್ಕಾರಿ ಅಧಿಕಾರಿ ತನ್ನ ಅಧಿಕಾರ ಬಳಸಿ ಬೇಕಂತಲೇ ನಿಮ್ಮ ಸಂವಿಧಾನದ ಹಕ್ಕನ್ನು ಕಿತ್ತುಕೊಂಡರೆ ಫೆಡರಲ್ ದಂಡಸಂಹಿತೆಯ ಸೆಕ್ಷನ್ 242 ಬರುತ್ತದೆ. ಅತಿಯಾದ ಬಲಪ್ರಯೋಗ, ಸುಳ್ಳು ಬಂಧನ, ಕಸ್ಟಡಿಯಲ್ಲಿ ಲೈಂಗಿಕ ದೌರ್ಜನ್ಯ ಎಲ್ಲವೂ ಇದರೊಳಗೆ ಸೇರುತ್ತವೆ. ಗಾಯವಾದರೆ 10 ವರ್ಷದವರೆಗೆ ಜೈಲು, ಸಾವಾದರೆ ಜೀವಾವಧಿಯೂ ಆಗಬಹುದು.

ಎರಡು, ದ್ವೇಷದ ಅಪರಾಧ. 2009ರ ಕಾನೂನಿನಿಂದ ಬಂದ ಸೆಕ್ಷನ್ 249 ಇದಕ್ಕೆ ಮುಖ್ಯ. ಜನಾಂಗ, ಬಣ್ಣ, ಧರ್ಮ, ಮೂಲ ದೇಶದ ಕಾರಣಕ್ಕೆ ಮೈಮೇಲೆ ಹಲ್ಲೆ ಮಾಡಿದರೆ ಇದು ಅನ್ವಯಿಸುತ್ತದೆ. ನೀವು ನಿಜವಾಗಿ ಯಾರು ಅನ್ನುವುದರ ಜೊತೆಗೆ, ಹಲ್ಲೆ ಮಾಡಿದವನು ನಿಮ್ಮನ್ನು ಯಾರು ಅಂದುಕೊಂಡ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಮೂರು, ದೇವಸ್ಥಾನ, ಗುರುದ್ವಾರ, ಮಸೀದಿ, ಚರ್ಚ್‌ಗೆ ಹಾನಿ ಮಾಡುವುದು ಅಥವಾ ಪೂಜೆಗೆ ಬಲವಂತದಿಂದ ಅಡ್ಡಿ ಮಾಡುವುದು. ಇದು ಸೆಕ್ಷನ್ 247. ನಾಲ್ಕು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ಹೆದರಿಸಿ ಮನೆಗೆಲಸ ಅಥವಾ ಹೋಟೆಲ್ ಕೆಲಸ ಮಾಡಿಸುವಂಥ ಬಲವಂತದ ದುಡಿಮೆ.

ಬೈಗುಳ ಮಾತ್ರ ಆಗಿದ್ದರೆ? ಅದೆಷ್ಟೇ ಕೊಳಕಾಗಿದ್ದರೂ ಬೆದರಿಕೆ ಅಥವಾ ಹಲ್ಲೆ ಇಲ್ಲದಿದ್ದರೆ ಅಮೆರಿಕದ ವಾಕ್ ಸ್ವಾತಂತ್ರ್ಯದ ರಕ್ಷಣೆ ಅದಕ್ಕೆ ಸಿಗುತ್ತದೆ. ಆದರೂ ದಿನಾಂಕ ಹಾಕಿ ಬರೆದಿಡಿ. ಅದೇ ಮನುಷ್ಯ ಮುಂದೆ ಕೈ ಎತ್ತಿದರೆ 'ಯಾಕೆ' ಅನ್ನುವುದಕ್ಕೆ ಆ ಬೈಗುಳವೇ ಸಾಕ್ಷ್ಯವಾಗುತ್ತದೆ.

ಕೆಲಸ, ಮನೆ ಮತ್ತು ಶಾಲೆಯ ತಾರತಮ್ಯದ ದೂರುಗಳನ್ನು ಎಫ್‌ಬಿಐಗೆ ಕಳಿಸಿ ಸಮಯ ಕಳೆಯಬೇಡಿ. ಇವಕ್ಕೆ ಬೇರೆ ಬಾಗಿಲುಗಳಿವೆ, ಗಡುವೂ ಬಿಗಿಯಾಗಿದೆ. ಕೆಲಸದ ತಾರತಮ್ಯಕ್ಕೆ ಇಇಒಸಿ (ಸಮಾನ ಉದ್ಯೋಗಾವಕಾಶ ಆಯೋಗ): ಸಾಮಾನ್ಯವಾಗಿ 180 ದಿನ, ರಾಜ್ಯದಲ್ಲೂ ಅಂಥದೇ ಕಾನೂನು ಜಾರಿ ಮಾಡುವ ಸಂಸ್ಥೆ ಇದ್ದರೆ 300 ದಿನ. ಮನೆ ಬಾಡಿಗೆ, ಮಾರಾಟದ ತಾರತಮ್ಯಕ್ಕೆ ಎಚ್‌ಯುಡಿ (ಕೇಂದ್ರದ ವಸತಿ ಇಲಾಖೆ): 1 ವರ್ಷ. ಶಾಲೆ, ಕಾಲೇಜಿನ ತಾರತಮ್ಯಕ್ಕೆ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ: 180 ದಿನ. ಎಫ್‌ಬಿಐಗೆ ದೂರು ಕೊಟ್ಟ ಮಾತ್ರಕ್ಕೆ ಈ ಗಡುವುಗಳು ನಿಲ್ಲುವುದಿಲ್ಲ. ಇದು ತಿಳಿಯದೆ ಒಳ್ಳೆಯ ಕೇಸ್ ಕಳೆದುಕೊಳ್ಳುವುದು ತುಂಬ ನೋವಿನ ವಿಷಯ.

## ಹಂತ 2: ಮೊದಲ ಕೆಲವು ದಿನ, ಸಾಕ್ಷ್ಯ ಉಳಿಸಿ

ಇಡೀ ಪ್ರಕ್ರಿಯೆಯಲ್ಲಿ ನಿಮ್ಮ ಕೈಯಲ್ಲಿರುವುದು ಹೆಚ್ಚುಕಡಿಮೆ ಈ ಹಂತ ಮಾತ್ರ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಅಪಾಯ ಇದ್ದರೆ ಮೊದಲು 911. ಪೊಲೀಸರು ಬಂದಾಗ ರಿಪೋರ್ಟ್ ನಂಬರ್, ಅಧಿಕಾರಿಯ ಹೆಸರು, ಬ್ಯಾಡ್ಜ್ ನಂಬರ್ ಕೇಳಿ ಬರೆದುಕೊಳ್ಳಿ. ಹಲ್ಲೆ ಮಾಡಿದವನು ಆಡಿದ ಮಾತನ್ನು ರಿಪೋರ್ಟ್‌ನಲ್ಲಿ ಯಥಾವತ್ತು ಸೇರಿಸಲು ಹೇಳಿ. 'ಜಗಳ ಆಯಿತು' ಅಂತ ಮಾತ್ರ ಬರೆದ ರಿಪೋರ್ಟ್ ಮುಂದೆ ನಿಮಗೇ ತೊಡಕಾಗುತ್ತದೆ. ಪ್ರತಿ ಸಿಕ್ಕ ಕೂಡಲೇ ಓದಿ, ಬಿಟ್ಟುಹೋದದ್ದನ್ನು ಪೂರಕ ಹೇಳಿಕೆಯಾಗಿ ಸೇರಿಸಲು ಕೇಳಿ.

ವಿಡಿಯೋ ಎಲ್ಲಕ್ಕಿಂತ ಬೇಗ ಮಾಯವಾಗುತ್ತದೆ. ಅಂಗಡಿ, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟ್‌ಗಳ ಸಿಸಿಟಿವಿ ಕೆಲವು ದಿನ ಅಥವಾ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಮ್ಯಾನೇಜರ್‌ಗೆ ಅದೇ ದಿನ ಇಮೇಲ್ ಮಾಡಿ: ಇಂಥ ದಿನ, ಇಂಥ ಸಮಯದಿಂದ ಇಂಥ ಸಮಯದವರೆಗಿನ ರೆಕಾರ್ಡಿಂಗ್ ಉಳಿಸಿಡಿ, ಪೊಲೀಸ್ ರಿಪೋರ್ಟ್ ನಂಬರ್ ಇದು. ಬಾಯಿಮಾತಿನಲ್ಲಿ ಕೇಳಿ ಬಂದರೆ ಸಾಲದು. ಪೊಲೀಸರ ಬಾಡಿ ಕ್ಯಾಮೆರಾ ಬೇಕಿದ್ದರೆ ಆ ಇಲಾಖೆಗೆ ಉಳಿಸಿಡುವಂತೆ ಲಿಖಿತ ಪತ್ರ ಕೊಡಿ, ಜೊತೆಗೆ ರಾಜ್ಯದ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.

ನಿಮ್ಮ ಫೋನಿನಲ್ಲಿ ತೆಗೆದ ವಿಡಿಯೋದ ಮೂಲ ಫೈಲನ್ನು ಮುಟ್ಟಬೇಡಿ. ಕತ್ತರಿಸಬೇಡಿ, ಎಡಿಟ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋವಾಗಿ ಕಳಿಸಿದರೆ ಫೈಲ್ ಕುಗ್ಗುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಎಂಬ ಒಳಮಾಹಿತಿ ಹೋಗುತ್ತದೆ. ಮೂಲ ಫೈಲ್ ಫೋನಿನಲ್ಲೇ ಇರಲಿ, ಅದರ ಪ್ರತಿಯನ್ನು ಕಂಪ್ಯೂಟರ್‌ಗೆ ಹಾಕಿಡಿ. ಫೋನ್ ಬದಲಾಯಿಸುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ.

ಬೆದರಿಕೆ ಮೆಸೇಜ್ ಬಂದರೆ ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ. ಖಾತೆಯ ಹೆಸರು, ಲಿಂಕ್, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬ್ಲಾಕ್ ಮಾಡುವುದಿದ್ದರೆ ಅದಾದ ಮೇಲೆ ಮಾಡಿ.

ಗಾಯ ಚಿಕ್ಕದಾದರೂ ಡಾಕ್ಟರ್‌ಗೆ ತೋರಿಸಿ, ಹೇಗಾಯಿತು ಅಂತ ನೇರವಾಗಿ ಹೇಳಿ. ಆಸ್ಪತ್ರೆಯ ದಾಖಲೆಯಲ್ಲಿ 'ಬಿದ್ದರು' ಅಂತ ಇದ್ದು ದೂರಿನಲ್ಲಿ 'ಹೊಡೆದರು' ಅಂತ ಇದ್ದರೆ ಪ್ರತಿವಾದಿ ವಕೀಲರು ಮೊದಲು ಹಿಡಿಯುವುದು ಅದನ್ನೇ. ಫೋಟೋವನ್ನು ಮೊದಲ ದಿನ ತೆಗೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೆ ತೆಗೆಯಿರಿ. ಬಾವು, ಕಂದಿದ ಗುರುತು ಆಮೇಲೆ ಚೆನ್ನಾಗಿ ಕಾಣುತ್ತವೆ. ರಕ್ತ ಆದ, ಹರಿದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಡಿಎನ್‌ಎ ಹಾಳಾಗುತ್ತದೆ.

ಅದೇ ರಾತ್ರಿ ನಡೆದದ್ದನ್ನೆಲ್ಲ ಕ್ರಮವಾಗಿ ಬರೆಯಿರಿ. ಕನ್ನಡದಲ್ಲಿ ಬರೆಯುವುದು ಸಲೀಸು ಅನಿಸಿದರೆ ಕನ್ನಡದಲ್ಲೇ ಬರೆಯಿರಿ, ತೊಂದರೆ ಇಲ್ಲ. ಆದರೆ ಎದುರಿನವನು ಇಂಗ್ಲಿಷಿನಲ್ಲಿ ಆಡಿದ ಮಾತನ್ನು ಇಂಗ್ಲಿಷಿನಲ್ಲೇ, ಅವನು ಆಡಿದ ಹಾಗೆಯೇ ಬರೆಯಿರಿ. ನೋಡಿದವರ ಹೆಸರು, ಫೋನ್ ನಂಬರ್ ಸೇರಿಸಿ.

ಎರಡು ಎಚ್ಚರಿಕೆ. ಸಾರ್ವಜನಿಕ ಜಾಗದಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಅಡ್ಡಿ ಮಾಡದೆ ಚಿತ್ರಿಸುವುದಕ್ಕೆ ಸಾಮಾನ್ಯವಾಗಿ ಹಕ್ಕಿದೆ. ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವುದೇ ಅಪರಾಧ. ಇನ್ನೊಂದು, ಕನ್ನಡ ಕೂಟದ ಗುಂಪಿನಲ್ಲೋ ಫೇಸ್‌ಬುಕ್‌ನಲ್ಲೋ ಪೂರ್ತಿ ಕತೆ ಹಾಕಬೇಡಿ. ಅಲ್ಲಿ ಸ್ವಲ್ಪ ಏರಿಸಿ ಬರೆದ ಒಂದು ಸಾಲು ಸಾಕು, ನಿಮ್ಮ ಹೇಳಿಕೆಯನ್ನೇ ಅನುಮಾನಿಸಲು. ಕೂಟದ ಹಿರಿಯರಿಂದ ವಕೀಲರ ಹೆಸರು, ಜೊತೆಗೆ ಬರುವ ಒಬ್ಬರನ್ನು ಕೇಳಿ. ಆ ಸಹಾಯ ದೊಡ್ಡದು.

## ಹಂತ 3: ಸರಿಯಾದ ಬಾಗಿಲು ತಟ್ಟಿ

ಎಫ್‌ಬಿಐ ದೂರವಾಣಿ 1-800-225-5324. ಆನ್‌ಲೈನ್‌ನಲ್ಲಿ ಟಿಪ್ಸ್ ಡಾಟ್ ಎಫ್‌ಬಿಐ ಡಾಟ್ ಗವ್. ನಿಮ್ಮ ಊರಿಗೆ ಸೇರಿದ ಫೀಲ್ಡ್ ಆಫೀಸಿಗೆ ನೇರವಾಗಿಯೂ ಫೋನ್ ಮಾಡಬಹುದು. ಇದಲ್ಲದೆ ನ್ಯಾಯಾಂಗ ಇಲಾಖೆಯ ಸಿವಿಲ್ ರೈಟ್ಸ್ ಡಿವಿಷನ್‌ಗೆ ಸಿವಿಲ್‌ರೈಟ್ಸ್ ಡಾಟ್ ಜಸ್ಟೀಸ್ ಡಾಟ್ ಗವ್‌ನಲ್ಲಿ ಅಥವಾ 855-856-1247ಕ್ಕೆ ದೂರು ಕೊಡಬಹುದು. ಅಲ್ಲಿ ದಾಖಲೆ ನಂಬರ್ ಕೊಡುತ್ತಾರೆ. ಅದನ್ನು ಕಳೆದುಕೊಳ್ಳಬೇಡಿ.

ಹಲ್ಲೆ ಮಾಡಿದವನು ಸಾಮಾನ್ಯ ವ್ಯಕ್ತಿಯಾಗಿದ್ದರೆ ಸ್ಥಳೀಯ ಪೊಲೀಸ್ ಮತ್ತು ಎಫ್‌ಬಿಐ ಎರಡಕ್ಕೂ ಹೇಳಿ. ಪೊಲೀಸನೇ ಆರೋಪಿಯಾಗಿದ್ದರೆ ಅದೇ ಠಾಣೆಯ ಉತ್ತರಕ್ಕೆ ಕಾಯಬೇಡಿ, ನೇರವಾಗಿ ಎಫ್‌ಬಿಐಗೆ ಹೋಗಿ.

ಈಗ ದೂರಿನ ಬರವಣಿಗೆ. 'ನಾವು ಭಾರತೀಯರು ಅಂತ ಆ ಮನುಷ್ಯ ನಮ್ಮ ಮೇಲೆ ಜನಾಂಗ ದ್ವೇಷ ತೋರಿಸಿದ, ದಯವಿಟ್ಟು ಕ್ರಮ ಕೈಗೊಳ್ಳಿ' ಎಂಬ ದೂರಿನಲ್ಲಿ ತನಿಖೆ ಮಾಡಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: 'ಮಾರ್ಚ್ 4, ಸಂಜೆ ಸುಮಾರು 6:40. ಇಂಥ ಅಂಗಡಿಯ ಪಾರ್ಕಿಂಗ್. ಬಿಳಿ ಟ್ರಕ್, ನಂಬರ್ ಇದು. ಅವನು ಮೊದಲು ನನ್ನ ಹೆಂಡತಿಯ ಕುಂಕುಮ ತೋರಿಸಿ ಈ ಮಾತು ಆಡಿದ. ನಾವು ಉತ್ತರ ಕೊಡಲಿಲ್ಲ. ಆಮೇಲೆ ಬಲಗೈಯಿಂದ ನನ್ನ ಕೆನ್ನೆಗೆ ಹೊಡೆದ. ನೋಡಿದವರು ಇಬ್ಬರು, ಸಿಸಿಟಿವಿ ಬಾಗಿಲ ಮೇಲಿದೆ.' ಇದರಲ್ಲಿ 'ದ್ವೇಷ' ಎಂಬ ಪದವೇ ಇಲ್ಲ ನೋಡಿ. ಮಾತು ಮೊದಲು, ಏಟು ಆಮೇಲೆ ಅನ್ನುವ ಕ್ರಮವೇ ಕಾರಣವನ್ನು ಹೇಳುತ್ತದೆ. ಒಂದರಿಂದ ಎರಡು ಪುಟ ಸಾಕು.

## ಹಂತ 4: ಎಫ್‌ಬಿಐ ಒಳಗೆ ಏನಾಗುತ್ತದೆ

ದೂರು ಬಂದ ಕೂಡಲೇ ಪೂರ್ಣ ತನಿಖೆ ಶುರುವಾಗುವುದಿಲ್ಲ. ಮೊದಲು ಪ್ರಾಥಮಿಕ ಪರಿಶೀಲನೆ: ಆರೋಪ ನಿಜ ಅಂದುಕೊಂಡರೂ ಇದು ಫೆಡರಲ್ ಅಪರಾಧ ಆಗುತ್ತದೆಯೇ? ಆಗುತ್ತದೆ ಅನಿಸಿದರೆ ತನಿಖೆ ತೆರೆಯುತ್ತಾರೆ. ಏಜೆಂಟರು ಸಾಕ್ಷ್ಯ ಕೂಡಿಸುತ್ತಾರೆ. ಕೇಸ್ ಹಾಕಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ ಅಲ್ಲ. ಅದು ಆ ಭಾಗದ ಯುಎಸ್ ಅಟಾರ್ನಿ (ಫೆಡರಲ್ ಸರ್ಕಾರದ ವಕೀಲ) ಕಚೇರಿ ಮತ್ತು ವಾಷಿಂಗ್ಟನ್‌ನ ಸಿವಿಲ್ ರೈಟ್ಸ್ ಡಿವಿಷನ್ ಪ್ರಾಸಿಕ್ಯೂಟರ್‌ಗಳದು. ಹಾಗಾಗಿ 'ಯಾವಾಗ ಅರೆಸ್ಟ್ ಮಾಡ್ತೀರಿ' ಅಂತ ಏಜೆಂಟರನ್ನು ಒತ್ತಾಯಿಸಿ ಪ್ರಯೋಜನವಿಲ್ಲ.

ಎಫ್‌ಬಿಐನಲ್ಲಿ ಸಂತ್ರಸ್ತರ ನೆರವಿಗೆಂದೇ ವಿಕ್ಟಿಮ್ ಸ್ಪೆಷಲಿಸ್ಟ್‌ಗಳಿದ್ದಾರೆ. ಏಜೆಂಟರಿಗಿಂತ ಇವರನ್ನು ಮಾತಾಡಿಸುವುದು ಸುಲಭ. ಕೇಸ್ ಎಲ್ಲಿಗೆ ಬಂತು, ಆಸ್ಪತ್ರೆ ಖರ್ಚಿಗೆ ರಾಜ್ಯದ ಪರಿಹಾರ ನಿಧಿ ಇದೆಯಾ ಅಂತ ಇವರನ್ನೇ ಕೇಳಿ.

## ಹಂತ 5: ಸಂದರ್ಶನಕ್ಕೆ ಕೂತಾಗ

ಸಾಮಾನ್ಯವಾಗಿ ಇಬ್ಬರು ಏಜೆಂಟರು ಬರುತ್ತಾರೆ. ನೀವು ಹೇಳಿದ್ದನ್ನು ಎಫ್‌ಡಿ-302 ಎಂಬ ವರದಿಯಲ್ಲಿ ಬರೆಯುತ್ತಾರೆ. ವರ್ಷಗಳ ನಂತರ ಕೋರ್ಟಿನಲ್ಲಿ ನಿಮ್ಮ ಮಾತನ್ನು ಈ ವರದಿಯ ಜೊತೆ ಹೋಲಿಸಿ ನೋಡಬಹುದು.

ಅದಕ್ಕೇ ಊಹೆ ಮಾಡಬೇಡಿ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ, ನೆನಪಿಲ್ಲ ಅಂದರೆ ನೆನಪಿಲ್ಲ. ಫೆಡರಲ್ ಏಜೆಂಟರಿಗೆ ತಿಳಿದೂ ತಿಳಿದೂ ಮುಖ್ಯ ವಿಷಯದಲ್ಲಿ ಸುಳ್ಳು ಹೇಳುವುದು ಸೆಕ್ಷನ್ 1001ರ ಪ್ರಕಾರ 5 ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ನೀವೇ ಮೊದಲು ಬೈದಿದ್ದರೆ, ತಳ್ಳಿದ್ದರೆ ಅದನ್ನೂ ಹೇಳಿ. ಮುಚ್ಚಿಟ್ಟರೆ ವಿಡಿಯೋದಲ್ಲಿ ಸಿಕ್ಕೇ ಸಿಗುತ್ತದೆ, ಆಗ ನೀವು ಹೇಳಿದ ನಿಜವೂ ಬಿದ್ದುಹೋಗುತ್ತದೆ.

ಅಪ್ಪ ಅಮ್ಮ ಊರಿಂದ ಬಂದವರು, ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಅಂದರೆ ಕನ್ನಡ ದುಭಾಷಿ ಬೇಕು ಅಂತ ಮುಂಚೆಯೇ ಕೇಳಿ. ಮಗನನ್ನೋ ಸೊಸೆಯನ್ನೋ ಕೂರಿಸಿ ಅನುವಾದ ಮಾಡಿಸಬೇಡಿ. ಅವರೂ ಸಾಕ್ಷಿಗಳಾಗಿರಬಹುದು, ಆಗ ಎರಡು ಹೇಳಿಕೆಗಳೂ ಬೆರೆತುಹೋಗುತ್ತವೆ.

ವೀಸಾ ಭಯ ತುಂಬ ಜನರನ್ನು ಸುಮ್ಮನಾಗಿಸುತ್ತದೆ. ಸೆಕ್ಷನ್ 242 ಆಗಲಿ 249 ಆಗಲಿ ಪೌರರಿಗಷ್ಟೇ ಸೀಮಿತ ಅಲ್ಲ. ಎಚ್-1ಬಿ ಇದ್ದವರು, ವಿದ್ಯಾರ್ಥಿಗಳು, ಪ್ರವಾಸಕ್ಕೆ ಬಂದ ತಂದೆತಾಯಿ ಎಲ್ಲರಿಗೂ ರಕ್ಷಣೆ ಇದೆ. ವೀಸಾ ಅವಧಿ ಮುಗಿದಿದ್ದರೆ ಮಾತ್ರ ಸಂದರ್ಶನಕ್ಕೆ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಿ. ಕೆಲವು ಗಂಭೀರ ಅಪರಾಧಗಳ ಸಂತ್ರಸ್ತರಿಗೆ ಯು ವೀಸಾ, ಮಾನವ ಸಾಗಣೆಯ ಸಂತ್ರಸ್ತರಿಗೆ ಟಿ ವೀಸಾ ಇವೆ. ಯು ವೀಸಾಗೆ ತನಿಖಾ ಸಂಸ್ಥೆಯ ಸಹಿ ಇರುವ ಪ್ರಮಾಣಪತ್ರ ಬೇಕೇ ಬೇಕು. ವರ್ಷಕ್ಕೆ 10,000 ಮಿತಿ ಇರುವುದರಿಂದ ಕಾಯುವಿಕೆ ಬಹಳ ಉದ್ದ.

## ಹಂತ 6: ಅವರು 'ಯಾಕೆ' ಅನ್ನುವುದನ್ನು ಹುಡುಕುವ ಬಗೆ

2017ರ ಫೆಬ್ರವರಿ 22ರಂದು ಕ್ಯಾನ್ಸಸ್‌ನ ಒಲೇಥದ ಬಾರ್ ಒಂದರಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಒಬ್ಬರನ್ನು ಗುಂಡಿಟ್ಟು ಕೊಂದರು. ಅವರ ಗೆಳೆಯ ಮತ್ತು ತಡೆಯಲು ಹೋದ ಒಬ್ಬರಿಗೆ ಗಾಯವಾಯಿತು. 'ನಮ್ಮ ದೇಶ ಬಿಟ್ಟು ಹೋಗಿ' ಎಂಬ ಅರ್ಥದ ಕೂಗನ್ನು ಅಲ್ಲಿದ್ದವರು ಕೇಳಿದ್ದರು. ಓಡಿಹೋದ ಆರೋಪಿ ಮಿಸೌರಿಯ ಒಂದು ರೆಸ್ಟೋರೆಂಟ್‌ನಲ್ಲಿ ತಾನು ಇರಾನಿಯರನ್ನು ಕೊಂದೆ ಅಂತ ಹೇಳಿಕೊಂಡ. ಸತ್ತವರು ಇರಾನಿಯರಲ್ಲ. ಆದರೂ ಕೇಸ್ ಬೀಳಲಿಲ್ಲ, ಏಕೆಂದರೆ ಅವನು ಏನಂದುಕೊಂಡ ಅನ್ನುವುದೂ ಕಾನೂನಿಗೆ ಸಾಕು. 2018ರಲ್ಲಿ ಅವನು ಫೆಡರಲ್ ದ್ವೇಷಾಪರಾಧ ಒಪ್ಪಿಕೊಂಡ, ಜೀವಾವಧಿ ಆಯಿತು. ಬಾರ್‌ನಲ್ಲಿದ್ದವರು, ರೆಸ್ಟೋರೆಂಟ್ ಸಿಬ್ಬಂದಿ ಕೇಳಿದ್ದ ಒಂದೊಂದು ಸಾಲಿನ ಬೆಲೆ ಎಷ್ಟು ನೋಡಿ.

ತನಿಖೆ ಘಟನೆಯ ದಿನಕ್ಕೆ ನಿಲ್ಲುವುದಿಲ್ಲ. ಜಾರ್ಜಿಯಾದಲ್ಲಿ 2020ರಲ್ಲಿ ಜಾಗಿಂಗ್ ಮಾಡುತ್ತಿದ್ದ ಕಪ್ಪು ಯುವಕ ಅಹ್ಮದ್ ಆರ್ಬರಿಯ ಕೊಲೆಯ ಫೆಡರಲ್ ಕೇಸಿನಲ್ಲಿ ಆರೋಪಿಗಳ ಹಳೆಯ ಮೆಸೇಜ್‌ಗಳು, ಪೋಸ್ಟ್‌ಗಳೇ ಅವರ ಮನಸ್ಸನ್ನು ಜ್ಯೂರಿಯ ಮುಂದೆ ಇಟ್ಟವು. ಇಂಥ ದಾಖಲೆ ಅಳಿಯದಂತೆ ಸರ್ಕಾರ ಕಂಪನಿಗಳಿಗೆ ಪತ್ರ ಬರೆದು 90 ದಿನ ಹಿಡಿದಿಡಿಸಬಹುದು, ಮತ್ತೆ 90 ದಿನಕ್ಕೆ ಮುಂದುವರಿಸಬಹುದು. ಬೇಗ ದೂರು ಕೊಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಪೊಲೀಸರ ಕೇಸ್ ಇನ್ನೂ ಕಠಿಣ. ತಪ್ಪಾಗಿ ಬಲ ಬಳಸಿದ ಅಂತ ತೋರಿಸಿದರೆ ಸಾಲದು. ಇದು ತಪ್ಪು ಅಂತ ಗೊತ್ತಿದ್ದೂ ಬೇಕಂತಲೇ ಮಾಡಿದ ಅಂತ ತೋರಿಸಬೇಕು. ಸುಪ್ರೀಂ ಕೋರ್ಟ್ 1945ರಲ್ಲೇ ಈ ಗೆರೆ ಹಾಕಿತು. ಅದಕ್ಕೆ ಏಜೆಂಟರು ಆ ಅಧಿಕಾರಿಯ ತರಬೇತಿ ದಾಖಲೆ, ಇಲಾಖೆಯ ನಿಯಮ, ಹಳೆಯ ದೂರು, ಅವನು ಬರೆದ ರಿಪೋರ್ಟ್ ಮತ್ತು ವಿಡಿಯೋಗಳ ನಡುವಿನ ವ್ಯತ್ಯಾಸ ಎಲ್ಲವನ್ನೂ ಹುಡುಕುತ್ತಾರೆ. ಇಲಾಖೆ ಕೆಲಸ ಹೋಗುತ್ತದೆ ಅಂತ ಒತ್ತಡ ಹಾಕಿ ಅಧಿಕಾರಿಯಿಂದ ಪಡೆದ ಹೇಳಿಕೆಯನ್ನು ಅವನ ವಿರುದ್ಧ ಕ್ರಿಮಿನಲ್ ಕೇಸಿನಲ್ಲಿ ಬಳಸುವಂತಿಲ್ಲ ಎಂದು 1967ರ ಗ್ಯಾರಿಟಿ ತೀರ್ಪು ಹೇಳುತ್ತದೆ. ಹಾಗಾಗಿ ಇಲಾಖೆಯ ಆಂತರಿಕ ಫೈಲನ್ನು ತನಿಖಾಧಿಕಾರಿಗಳು ನೇರವಾಗಿ ಓದದೆ, ಬೇರೆಯವರಿಂದ ಸೋಸಿಸಿಕೊಳ್ಳುತ್ತಾರೆ. ತಡ ಆಗುವುದಕ್ಕೆ ಇದೊಂದು ದೊಡ್ಡ ಕಾರಣ.

ಅಲಬಾಮಾದ ಮ್ಯಾಡಿಸನ್‌ನಲ್ಲಿ ನಡೆದದ್ದನ್ನು ಪ್ರತಿ ಭಾರತೀಯ ಕುಟುಂಬ ತಿಳಿದಿರಬೇಕು. 2015ರ ಫೆಬ್ರವರಿ 6ರಂದು, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ಬೀದಿಯಲ್ಲಿ ನಡೆಯುತ್ತಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅವರನ್ನು ನೆಲಕ್ಕೆ ಕೆಡವಿದ, ಕುತ್ತಿಗೆಗೆ ಪೆಟ್ಟಾಗಿ ದೇಹದ ಸ್ವಾಧೀನ ಭಾಗಶಃ ಹೋಯಿತು. ಎಲ್ಲವೂ ಕಾರಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಸೆಕ್ಷನ್ 242ರಡಿ ಫೆಡರಲ್ ಕೇಸೂ ಆಯಿತು. ಎರಡು ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 2016ರ ಜನವರಿಯಲ್ಲಿ ನ್ಯಾಯಾಧೀಶರು ಆ ಅಧಿಕಾರಿಯನ್ನು ಬಿಡುಗಡೆ ಮಾಡಿದರು. ಅಷ್ಟು ಸ್ಪಷ್ಟ ವಿಡಿಯೋ ಇದ್ದೂ ಹೀಗಾಯಿತು ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ವಿಡಿಯೋ ತೋರಿಸುವುದು ಕೈಯ ಕೆಲಸವನ್ನು, ಮನಸ್ಸಿನದನ್ನಲ್ಲ.

## ಹಂತ 7: ಗ್ರ್ಯಾಂಡ್ ಜ್ಯೂರಿ ಮತ್ತು ಆರೋಪಪಟ್ಟಿ

ಆರೋಪ ಹೊರಿಸುವಷ್ಟು ಸಾಕ್ಷ್ಯ ಇದೆಯೇ ಅಂತ ನೋಡುವ ಸಾಮಾನ್ಯ ಜನರ ಗುಂಪೇ ಗ್ರ್ಯಾಂಡ್ ಜ್ಯೂರಿ. ಅದರಲ್ಲಿ 16ರಿಂದ 23 ಜನ ಇರುತ್ತಾರೆ, ಆರೋಪ ಹೊರಿಸಲು 12 ಮತ ಬೇಕು. ಕಲಾಪ ಗುಟ್ಟಾಗಿ ನಡೆಯುತ್ತದೆ. ನಿಮ್ಮನ್ನು ಕರೆದರೆ ನಿಮ್ಮ ವಕೀಲರು ಒಳಗೆ ಬರುವಂತಿಲ್ಲ, ಹೊರಗೆ ಕಾಯಬಹುದು. ಸೆಕ್ಷನ್ 249ರ ಕೇಸಿಗೆ ಇದಲ್ಲದೆ ಅಟಾರ್ನಿ ಜನರಲ್ ಅಥವಾ ಅವರು ನೇಮಿಸಿದವರ ಲಿಖಿತ ಪ್ರಮಾಣೀಕರಣವೂ ಬೇಕು.

ಎಷ್ಟೋ ಸಲ ರಾಜ್ಯದ ಕೇಸ್ ಮುಗಿಯುವ ತನಕ ಫೆಡರಲ್ ಕಡೆ ಸದ್ದೇ ಇರುವುದಿಲ್ಲ. ಫೈಲ್ ಮುಚ್ಚಿದರು ಅಂತ ತಿಳಿಯಬೇಡಿ. ರಾಜ್ಯ ಮತ್ತು ಫೆಡರಲ್ ಸರ್ಕಾರ ಒಂದೇ ಘಟನೆಗೆ ಬೇರೆ ಬೇರೆಯಾಗಿ ಕೇಸ್ ಹಾಕಬಹುದು. ಲಾಸ್ ಏಂಜಲೀಸ್ ಪೊಲೀಸರು ಹೊಡೆದ ರಾಡ್ನಿ ಕಿಂಗ್ ಪ್ರಕರಣದಲ್ಲಿ 1992ರಲ್ಲಿ ರಾಜ್ಯದ ಕೋರ್ಟಿನಲ್ಲಿ ಶಿಕ್ಷೆಯಾಗಲಿಲ್ಲ, 1993ರಲ್ಲಿ ಫೆಡರಲ್ ಜ್ಯೂರಿ ಇಬ್ಬರು ಪೊಲೀಸರನ್ನು ತಪ್ಪಿತಸ್ಥರೆಂದಿತು. ಜಾರ್ಜ್ ಫ್ಲಾಯ್ಡ್ ಸಾವಿನಲ್ಲಿ ಪೊಲೀಸ್ ಅಧಿಕಾರಿ ಡೆರಿಕ್ ಶಾವಿನ್‌ಗೆ ಮೊದಲು ರಾಜ್ಯದ ಶಿಕ್ಷೆ ಆಯಿತು. ಫೆಡರಲ್ ತಪ್ಪೊಪ್ಪಿಗೆ 2021ರ ಡಿಸೆಂಬರ್‌ನಲ್ಲಿ, 21 ವರ್ಷದ ಶಿಕ್ಷೆ 2022ರ ಜುಲೈನಲ್ಲಿ. ಫೆಡರಲ್ ಕೇಸ್ ಹಾಕಲು ಸೆಕ್ಷನ್ 242ಕ್ಕೆ ಸಾಮಾನ್ಯವಾಗಿ 5 ವರ್ಷ, 249ಕ್ಕೆ 7 ವರ್ಷ ಕಾಲಾವಕಾಶ. ಸಾವಾಗಿದ್ದರೆ ಕಾಲಮಿತಿ ಇಲ್ಲ.

ಈ ಕಾಯುವ ಕಾಲದಲ್ಲಿ ಎಚ್ಚರ ಬೇಕಾದ ಸೂಚನೆಗಳು: ಆರೋಪಿ ಕಡೆಯವರು ರಾಜಿ ಮಾಡಿಕೊಳ್ಳಿ, ಹೇಳಿಕೆ ಬದಲಿಸಿ ಅಂತ ಹೆದರಿಸುವುದು. ತಕ್ಷಣ ಏಜೆಂಟರಿಗೆ ತಿಳಿಸಿ, ಸಾಕ್ಷಿಯನ್ನು ಬೆದರಿಸುವುದೇ ಬೇರೆ ಫೆಡರಲ್ ಅಪರಾಧ. ಹಾಗೆಯೇ 'ನಾವು ಎಫ್‌ಬಿಐ, ದುಡ್ಡು ಕಟ್ಟಿದರೆ ಕೇಸ್ ಮುಂದೆ ಹೋಗುತ್ತದೆ' ಎಂಬ ಕರೆ. ಎಫ್‌ಬಿಐ ಹಣ ಕೇಳುವುದಿಲ್ಲ, ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಫೋನ್ ಇಟ್ಟು ಫೀಲ್ಡ್ ಆಫೀಸಿಗೆ ನೀವೇ ಕರೆ ಮಾಡಿ ವಿಚಾರಿಸಿ.

## ಹಂತ 8: ಕೇಸ್ ಹಾಕುವುದಿಲ್ಲ ಅಂದರೆ

ಹೀಗಾಗುವುದು ಅಪರೂಪ ಅಲ್ಲ. ಮೊದಲು ಕಾರಣ ಕೇಳಿ: ಕಾನೂನಿನ ವ್ಯಾಪ್ತಿಗೆ ಬರಲಿಲ್ಲವೇ, ಸಾಕ್ಷ್ಯ ಸಾಲಲಿಲ್ಲವೇ? ಸಾಕ್ಷ್ಯ ಸಾಲಲಿಲ್ಲ ಅಂದರೆ, ಹೊಸ ಸಾಕ್ಷಿ ಅಥವಾ ವಿಡಿಯೋ ಸಿಕ್ಕಾಗ ಅದೇ ದಾಖಲೆ ನಂಬರ್ ಹಾಕಿ ಮತ್ತೆ ಕಳಿಸಿ.

ಸರ್ಕಾರ ಬದಲಾದಾಗ ನ್ಯಾಯಾಂಗ ಇಲಾಖೆಯ ಆದ್ಯತೆಯೂ ಬದಲಾಗುತ್ತದೆ. 2025ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್ ಮತ್ತು ಲೂಯಿವಿಲ್ ಪೊಲೀಸ್ ಸುಧಾರಣೆಯ ಒಪ್ಪಂದಗಳಿಂದಲೇ ಇಲಾಖೆ ಹಿಂದೆ ಸರಿಯಿತು. ಆದ್ದರಿಂದ ಫೆಡರಲ್ ಬಾಗಿಲೊಂದನ್ನೇ ನಂಬಿ ಕೂರಬೇಡಿ. ರಾಜ್ಯದ ಅಟಾರ್ನಿ ಜನರಲ್, ರಾಜ್ಯದ ನಾಗರಿಕ ಹಕ್ಕು ಇಲಾಖೆಗೂ ದೂರು ಕೊಡಿ.

ಪೊಲೀಸರ ವಿರುದ್ಧವಾದರೆ ನಿಮ್ಮದೇ ಸಿವಿಲ್ ಮೊಕದ್ದಮೆಯ ದಾರಿ ಇದೆ. 1871ರ ಕಾನೂನಿನಿಂದ ಬಂದ ಸೆಕ್ಷನ್ 1983 ಇದಕ್ಕೆ ಆಧಾರ. ಇಲ್ಲಿ ಪರಿಹಾರ ಸಿಗಬಹುದು, ರುಜುವಾತಿನ ಮಟ್ಟವೂ ಕ್ರಿಮಿನಲ್ ಕೇಸಿಗಿಂತ ಕಡಿಮೆ. ಅಲಬಾಮಾದ ಅಜ್ಜನ ಕುಟುಂಬ ಈ ದಾರಿ ಹಿಡಿದಿತ್ತು. ಕ್ರಿಮಿನಲ್ ಕೇಸ್ ಬಿದ್ದುಹೋದ ಮೇಲೂ 2020ರಲ್ಲಿ ಅಪೀಲು ಕೋರ್ಟ್ ಅವರ ಮೊಕದ್ದಮೆ ಮುಂದುವರಿಯಲು ಬಿಟ್ಟಿತು.

ಇದರ ಕಾಲಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ 2 ವರ್ಷ, ನ್ಯೂಯಾರ್ಕ್‌ನಲ್ಲಿ 3 ವರ್ಷ. ರಾಜ್ಯದ ಕಾನೂನಿನಡಿಯೂ ಪರಿಹಾರ ಕೇಳುವುದಿದ್ದರೆ ಇನ್ನೂ ಮೊದಲೇ ನೋಟಿಸ್ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳೊಳಗೆ, ನ್ಯೂಯಾರ್ಕ್‌ನಲ್ಲಿ 90 ದಿನದೊಳಗೆ. ಎಫ್‌ಬಿಐಗೆ ದೂರು ಕೊಟ್ಟ ದಿನವೇ ಈ ತಾರೀಕುಗಳನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.